ಕ್ರೋಮೈಡ್ ಮರಿ ಮಾಡಿಸುವುದು: ಬಾಣಂತನ ಅಪ್ಪ ಅಮ್ಮನಿಗೇ ಬಿಡಿ

ಟ್ಯಾಂಕಿನಲ್ಲಿ ಮೀನಿನ ಮೊಟ್ಟೆ ಕಂಡ ಕೂಡಲೇ ನಮ್ಮ ಕೈ ಸುಮ್ಮನಿರುವುದಿಲ್ಲ. ಬಲೆ ಹುಡುಕುತ್ತೇವೆ, ಬಕೆಟ್ ತೊಳೆಯುತ್ತೇವೆ. ಏಂಜಲ್ ಮೀನು ಸಾಕಿ ಬಂದ ಅಭ್ಯಾಸ. ನಾನೂ ಹಾಗೆ ಎರಡು ಸಲ ಆರೆಂಜ್ ಕ್ರೋಮೈಡ್ ಎಂಬ ಕಿತ್ತಳೆ ಬಣ್ಣದ ಮೀನಿನ ಮೊಟ್ಟೆಗಳನ್ನು ಬೇರೆ ಮಾಡಿದೆ, ಎರಡು ಸಲವೂ ಮೂರನೇ ದಿನಕ್ಕೆ ಹತ್ತಿಯ ಹಾಗೆ ಬೂಸ್ಟು. ಮೂರನೇ ಸಲ ಸೋಮಾರಿತನದಿಂದ ಹಾಗೇ ಬಿಟ್ಟೆ. ಮರಿ ಉಳಿದದ್ದು ಆಗಲೇ.

ಈ ಮೀನು ಹೊರಗಿನದ್ದಲ್ಲ. ಇದು ಸಿಕ್ಲಿಡ್ ಎಂಬ ಮೀನಿನ ಕುಟುಂಬದ್ದು; ಸಿಕ್ಲಿಡ್ ಎಂದರೆ ಆಫ್ರಿಕಾ, ಅಮೆಜಾನ್ ಅಂತ ಹೇಳುತ್ತಾರೆ. ಭಾರತದ್ದೇ ಮೂರು ಜಾತಿ ಉಂಟು. ಮಲಯಾಳಿಗಳ ಕರಿಮೀನು ಒಂದು, ಈ ಕಿತ್ತಳೆ ಬಣ್ಣದ್ದು ಇನ್ನೊಂದು. ಮೂರನೆಯದಕ್ಕೆ ನಮ್ಮ ಕೆನರಾದ್ದೇ ಹೆಸರು, ಎಟ್ರೋಪ್ಲಸ್ ಕೆನರೆನ್ಸಿಸ್. ಅದನ್ನು ಹೊಳೆಯಿಂದ ಹಿಡಿದು ತರಬೇಡಿ, ಮೊದಲೇ ಕಡಿಮೆಯಾಗಿದೆ.

ಎರಡೂವರೆ ಅಡಿಯ ಟ್ಯಾಂಕ್ ಸಾಕು. ಗಂಡು ಹೆಣ್ಣು ನೋಡಿ ಗುರುತಿಸುವುದು ಕಷ್ಟ, ಅಂಗಡಿಯವರು "ಇದು ಪೇರ್" ಎಂದರೆ ನಗಾಡಿ ಸುಮ್ಮನಿರಿ. ಆರು ಸಣ್ಣ ಮೀನು ತಂದು ಒಟ್ಟಿಗೆ ಬೆಳೆಸಿ. ಎರಡು ಸೇರಿ ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟಲು ಶುರು ಮಾಡಿದರೆ ಜೋಡಿ ಆಯಿತು ಅಂತ ಲೆಕ್ಕ. ಉಳಿದವನ್ನು ತೆಗೆಯಿರಿ.

ಕಲ್ಯಾಣಪುರದ ನಮ್ಮ ಬಾವಿ ನೀರು ಮುರಕಲ್ಲಿನ ನೀರು: ಮೆದು, ಸ್ವಲ್ಪ ಹುಳಿ. ಕ್ರೋಮೈಡ್ ಅಳಿವೆಯ ಕಡೆಯ ಮೀನು, ಅದಕ್ಕೆ ಇದು ಸರಿಹೋಗುವುದಿಲ್ಲ, ಬೇಗ ಬೂಸ್ಟು ಹಿಡಿಯುತ್ತದೆ. ಸಾರಿಗೆ ತಂದ ಮರುವಾಯಿಯ (ಕಪ್ಪೆಚಿಪ್ಪಿನ) ಚಿಪ್ಪನ್ನು ಚೆನ್ನಾಗಿ ತೊಳೆದು ಒಣಗಿಸಿ, ಒಂದು ಹಿಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಡಿ. ಸುಣ್ಣ ನಿಧಾನಕ್ಕೆ ಕರಗುತ್ತದೆ. 10 ಲೀಟರಿಗೆ ಎರಡು ಸಣ್ಣ ಚಮಚ ಕಲ್ಲುಪ್ಪು, ಬೇರೆ ನೀರಿನಲ್ಲಿ ಕರಗಿಸಿ ಹಾಕಿ. ಕೆಳಗೆ ಎರಡಿಂಚು ಹೊಯಿಗೆ (ಮರಳು) ಬೇಕೇ ಬೇಕು, ಯಾಕೆಂದು ಮುಂದೆ ಹೇಳುತ್ತೇನೆ. ಮೊಟ್ಟೆ ಇಡಲಿಕ್ಕೆ ಹಿತ್ತಿಲಲ್ಲಿ ಬಿದ್ದಿರುವ ಹಂಚಿನ ತುಂಡು ಓರೆಯಾಗಿ ನಿಲ್ಲಿಸಿ. ಗೆರಟೆ ಇಟ್ಟು ನೋಡಿದೆ, ನನ್ನ ಜೋಡಿ ಅದನ್ನು ಮೂಸಲಿಲ್ಲ.

ಎರಡೂ ಸೇರಿ ಹಂಚನ್ನು ಬಾಯಲ್ಲಿ ತಿಕ್ಕಿ ತಿಕ್ಕಿ ತೊಳೆಯುತ್ತವೆ, ಹೊಟ್ಟೆಯ ಕೆಳಗೆ ಕಪ್ಪು ಏರುತ್ತದೆ. ಮೊಟ್ಟೆ ಇಟ್ಟ ಮೇಲೆ ಒಂದು ರೆಕ್ಕೆಯಲ್ಲಿ ಗಾಳಿ ಬೀಸುತ್ತದೆ, ಇನ್ನೊಂದು ಕಾವಲು. ಬೆಳ್ಳಗಾಗಿ ಕೆಟ್ಟ ಮೊಟ್ಟೆಯನ್ನು ಹೆಕ್ಕಿ ತೆಗೆಯುತ್ತವೆ. ಬಕೆಟಿನಲ್ಲಿ ನಾನು ಮಾಡಲಾಗದ ಕೆಲಸ ಇದೇ. ಈ ದಿನಗಳಲ್ಲಿ ನೀರು ಬದಲಿಸಬೇಡಿ, ಗಾಜಿಗೆ ಮೂಗು ತಾಗಿಸಿ ನಿಲ್ಲಬೇಡಿ. ಒಂದು ವರ್ಷ ಊರ ಜಾತ್ರೆಯ ಗರ್ನಾಲ್ ಸದ್ದಿಗೆ ಬೆದರಿ ಅಷ್ಟೂ ಮೊಟ್ಟೆ ನುಂಗಿ ಕೂತವು. ಈಗ ಜಾತ್ರೆ ಬಂದರೆ ಟ್ಯಾಂಕಿನ ಮೇಲೆ ಕಂಬಳಿ ಹೊದೆಸುತ್ತೇನೆ. ಅತ್ತೆ ನಗಾಡುತ್ತಾರೆ, ನಗಲಿ.

ಸುಮಾರು ಐದನೇ ದಿನ ಹಂಚು ಖಾಲಿ. ತಿಂದವೋ ಎಂದು ಎದೆ ಒಡೆದುಕೊಳ್ಳಬೇಡಿ, ಹೊಯಿಗೆ ನೋಡಿ. ಮೊದಲೇ ತೋಡಿಟ್ಟ ಗುಂಡಿಯಲ್ಲಿ ಮರಿಗಳು ರಾಶಿಯಾಗಿ ಮಿಡುಕುತ್ತಿರುತ್ತವೆ, ಬಾಲ ಮಾತ್ರ ಅಲ್ಲಾಡುವ ಸಾಸಿವೆಗಳ ಹಾಗೆ. ಅಪ್ಪ ಅಮ್ಮ ಅವನ್ನು ಬಾಯಲ್ಲಿ ಎತ್ತಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತಾ ಇರುತ್ತವೆ.

ಆಮೇಲೆ ಈಜಲು ಶುರು. ನಾನು ಕುರ್ಚಿ ಹಾಕಿ ಕೂರುವುದು ಈಗ, ದೂರದಲ್ಲಿ. ಏನಾದರೂ ಅನುಮಾನ ಬಂದರೆ ಅಮ್ಮ ಹೊಟ್ಟೆಯ ಕೆಳಗಿನ ಕಪ್ಪು ರೆಕ್ಕೆಗಳನ್ನು ಪಟಪಟನೆ ಬಿಚ್ಚಿ ಮುಚ್ಚುತ್ತದೆ. ಚದುರಿದ ಮರಿಗಳೆಲ್ಲ ಅದರ ಕೆಳಗೆ ಬಂದು ಸೇರುತ್ತವೆ. ಇನ್ನೂ ವಿಚಿತ್ರ ಉಂಟು: ಮರಿಗಳು ಒಂದೊಂದಾಗಿ ಬಂದು ಅಪ್ಪ ಅಮ್ಮನ ಮೈಗೆ ಮುತ್ತು ಕೊಟ್ಟ ಹಾಗೆ ತಾಗಿ ಹೋಗುತ್ತವೆ. ಮೈಮೇಲಿನ ಲೋಳೆ ತಿನ್ನುವುದು ಅದು. ಡಿಸ್ಕಸ್ ಎಂಬ ಅಮೆಜಾನಿನ ಸಿಕ್ಲಿಡ್ ಕೂಡ ಹೀಗೇ ಮರಿಗೆ ಉಣಿಸುತ್ತದೆ. ಮೈಯಲ್ಲಿ ಹುಳ ಎಂದು ತಿಳಿದು ಔಷಧಿ ಸುರಿದವರನ್ನು ನಾನು ಬಲ್ಲೆ.

ಲೋಳೆಯೊಂದೇ ಸಾಲದು. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯ ಮೊಟ್ಟೆಯನ್ನು ಲೀಟರಿಗೆ ಸುಮಾರು 30 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ಗಾಳಿ ಬಿಟ್ಟು ಒಂದು ದಿನ ಇಡಿ. ಒಡೆದ ಮರಿಗಳನ್ನು ಸೋಸಿ ದಿನಕ್ಕೆ ಮೂರು ಸಲ ಕೊಡಿ. ಫಿಲ್ಟರ್ ಬಾಯಿಗೆ ಸ್ಪಂಜು. ರಾತ್ರಿ ಲೈಟ್ ಒಮ್ಮೆಲೇ ಆರಿಸಬೇಡಿ. ಮಳೆಗಾಲದಲ್ಲಿ ಕರೆಂಟು ಹೇಳಿ ಹೋಗುವುದಿಲ್ಲವಲ್ಲ, ಹಾಗಾಗಿ ಪಕ್ಕದಲ್ಲಿ ಬ್ಯಾಟರಿಯ ಸಣ್ಣ ದೀಪವೊಂದು ನಾನು ಇಟ್ಟಿರುತ್ತೇನೆ, ಬ್ಯಾಟರಿಯ ಏರ್ ಪಂಪೂ.

ಪಕ್ಕದ ಮನೆಯ ಹುಡುಗ ಮಲಾವಿ ಹಳದಿ ಎಂಬ ಆಫ್ರಿಕಾದ ಸಿಕ್ಲಿಡ್ ತಂದಿದ್ದಾನೆ. ಅದರ ರೀತಿ ಬೇರೆ: ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮೂರು ವಾರಕ್ಕೂ ಮೇಲೆ ಹೆಚ್ಚುಕಡಿಮೆ ಉಪವಾಸ ಇರುತ್ತದೆ, ಅಪ್ಪನಿಗೆ ಜವಾಬ್ದಾರಿಯೇ ಇಲ್ಲ. ನನಗೆ ಕ್ರೋಮೈಡೇ ಇಷ್ಟ.

ಮರಿಗಳು ಸಣ್ಣ ಉಗುರಿನಷ್ಟಾದ ಮೇಲೆ ಜೋಡಿಯನ್ನು ಗಮನಿಸುತ್ತಾ ಇರಿ. ಪುನಃ ಹಂಚು ತಿಕ್ಕಲು ಶುರು ಮಾಡಿದವೋ, ಇಷ್ಟು ದಿನ ಕಾದ ಮರಿಗಳನ್ನೇ ಅಟ್ಟುತ್ತವೆ. ಆ ಬಕೆಟ್ ಈಗ ತನ್ನಿ.