ಮಡಚುವ ಚಾಕುವಿನ ಅಲಗು: ಮೇಲ್ಮೈ, ಲೇಪನ ಮತ್ತು ತುಕ್ಕು

ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಿ ಗಾಳಿ ಎಷ್ಟೇ ಒಣಗಿದ್ದರೂ ಜೇಬಿನೊಳಗಿನ ಚಾಕು ಒಣಗಿರುವುದಿಲ್ಲ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬಟ್ಟೆಗೆ ಇಳಿದ ಬೆವರು ಅಲಗಿನ ಮೇಲೆ ಉಪ್ಪನ್ನು ಬಿಡುತ್ತದೆ. ಆ ಉಪ್ಪಿನಲ್ಲಿರುವ ಕ್ಲೋರೈಡ್, ಸ್ಟೇನ್‌ಲೆಸ್ ಉಕ್ಕನ್ನು ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳುಪೊರೆಯನ್ನು ಅಲ್ಲಲ್ಲಿ ಒಡೆದು ಸಣ್ಣ ಕುಳಿಗಳನ್ನು ಮಾಡುತ್ತದೆ. ಆದ್ದರಿಂದ ಚಾಕು ಕೊಳ್ಳುವಾಗ ಅಲಗಿನ ಬಣ್ಣಕ್ಕಿಂತ ಅದರ ಮೈ ಎಷ್ಟು ನುಣುಪಾಗಿದೆ ಎಂಬುದನ್ನು ನೋಡುವುದು ಉತ್ತಮ.

ಅದಕ್ಕೂ ಮೊದಲು ಉಕ್ಕು ಯಾವುದೆಂದು ಕೇಳಿಕೊಳ್ಳಬೇಕು. ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಸ್ಟೇನ್‌ಲೆಸ್ ಎನ್ನುತ್ತಾರಾದರೂ ಆ ಲೆಕ್ಕವೊಂದೇ ಸಾಲದು. ಚಾಕುಗಳಲ್ಲಿ ಬಳಸುವ ಡಿ2 ಎಂಬ ಉಕ್ಕಿನಲ್ಲಿ ಸುಮಾರು ಶೇ. 12ರಷ್ಟು ಕ್ರೋಮಿಯಂ ಇದೆ, ಆದರೆ ಶೇ. 1.5ರಷ್ಟಿರುವ ಇಂಗಾಲವು ಅದರ ಗಣನೀಯ ಪಾಲನ್ನು ಕಾರ್ಬೈಡ್ ಆಗಿ ಹಿಡಿದಿಡುವುದರಿಂದ, ಪೊರೆ ಕಟ್ಟಲು ಉಳಿಯುವುದು ಕಡಿಮೆ. 1095ರಂಥ ಕಾರ್ಬನ್ ಉಕ್ಕಿಗೆ ಈ ರಕ್ಷಣೆಯೇ ಇಲ್ಲ.

ಒಂದೇ ಉಕ್ಕಿನ ಎರಡು ಅಲಗುಗಳಲ್ಲಿ ಪಾಲಿಶ್ ಮಾಡಿದ್ದು ಹೆಚ್ಚು ಬಾಳುತ್ತದೆ, ಏಕೆಂದರೆ ತೇವ ನಿಲ್ಲಲು ಅದರಲ್ಲಿ ಗೀರುಗಳಿಲ್ಲ. ಬೆರಳಿನ ಗುರುತು, ಗೀರು ಎದ್ದು ಕಾಣುವುದು ಅದರ ದೋಷ. ಒಂದೇ ದಿಕ್ಕಿನ ನವಿರು ಗೆರೆಗಳಿರುವ ಸ್ಯಾಟಿನ್ ಮೈ ನಿತ್ಯ ಬಳಕೆಗೆ ಸಾಕು. ಸೆರಾಮಿಕ್ ಹರಳುಗಳೊಂದಿಗೆ ಉರುಳಿಸಿದ ಸ್ಟೋನ್‌ವಾಶ್ ಹೊಸ ಗೀರುಗಳನ್ನು ಮರೆಮಾಚುತ್ತದೆ. ನನ್ನ ಮಟ್ಟಿಗೆ ದೂರವಿಡಬೇಕಾದುದು ಬೀಡ್‌ಬ್ಲಾಸ್ಟ್. ಗಾಜಿನ ಮಣಿಗಳನ್ನು ರಭಸದಿಂದ ಸಿಡಿಸಿ ಮಾಡಿದ ಆ ಮಂಕು ಬೂದು ಮೈಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ತಗ್ಗುಗಳಿದ್ದು, ಬೆವರು ಅಲ್ಲಿಯೇ ಕುಳಿತುಕೊಳ್ಳುತ್ತದೆ. ಅಂಥ ಚಾಕು ಈಗಾಗಲೇ ಇದ್ದರೆ, ಅಲಗಿನ ಹರಿತವಾದ ಬಾಯಿಗೆ ದಪ್ಪ ಟೇಪು ಸುತ್ತಿ, ಅದನ್ನು ಮರದ ಹಲಗೆಯ ಮೇಲೆ ಮಲಗಿಸಿ, ಎಣ್ಣೆ ಹಚ್ಚಿದ 600ನೇ ನಂಬರಿನ ವಾಟರ್ ಪೇಪರಿನಿಂದ ಹಿಡಿಯ ಕಡೆಯಿಂದ ತುದಿಯ ಕಡೆಗೆ ಮಾತ್ರ ಉಜ್ಜಿರಿ. ಮಂಕು ಹೋದ ಮೇಲೆ 1000, ನಂತರ 2000ನೇ ನಂಬರಿನದನ್ನು ಬಳಸಿರಿ. ಹಿಂದೆ ಮುಂದೆ ಉಜ್ಜಿದರೆ ಗೆರೆಗಳು ಕಲೆಸಿಹೋಗುತ್ತವೆ.

ಲೇಪನವಿರುವ ಅಲಗನ್ನು ಹೀಗೆ ಉಜ್ಜಬಾರದು. ಡಿಎಲ್‌ಸಿ (ವಜ್ರದಂಥ ಇಂಗಾಲದ ಪದರ), ಟೈಟಾನಿಯಂ ನೈಟ್ರೈಡ್ ಲೇಪನಗಳು ಗಟ್ಟಿಯಾದವು, ಆದರೆ ಸಾಣೆ ಹಿಡಿದ ಬಾಯಿ ಬರಿಯ ಉಕ್ಕಾಗಿಯೇ ಉಳಿಯುತ್ತದೆ. ತುಕ್ಕು ಮೊದಲು ಕಾಣಿಸುವುದೂ ಅಲ್ಲಿಯೇ. ಬ್ಲ್ಯಾಕ್ ಆಕ್ಸೈಡ್ ಎಂಬ ಕಪ್ಪು ಲೇಪನವು ಎಣ್ಣೆಯನ್ನು ಹಿಡಿದಿಡುವ ಪದರವಷ್ಟೆ, ಎಣ್ಣೆಯಿಲ್ಲದೆ ಅದು ಹೆಚ್ಚೇನೂ ಕಾಯುವುದಿಲ್ಲ. ಬೀದರಿನಲ್ಲಿ ಕಪ್ಪು ಎಂದರೆ ಬಿದ್ರಿ ನೆನಪಾಗುವುದು ಸಹಜ. ಅದು ಸತು-ತಾಮ್ರದ ಮಿಶ್ರಲೋಹದ ಕಪ್ಪು. ಅದನ್ನು ಕಪ್ಪಾಗಿಸಲು ಬಳಸುವ, ಕೋಟೆಯ ಮಣ್ಣಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಬೆರೆಸಿದ ಆ ಲೇಪವನ್ನು ಉಕ್ಕಿಗೆ ಹಚ್ಚಿದರೆ ಕ್ಲೋರೈಡ್ ತುಕ್ಕನ್ನೇ ತರುತ್ತದೆ.

ಕಾರ್ಬನ್ ಉಕ್ಕಿನ ಅಲಗನ್ನು ಸೋಪಿನಿಂದ ತೊಳೆದು, ಬೆಚ್ಚಗಿನ ವಿನೆಗರ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಬೂದುಗಪ್ಪು ಪದರ ಕೂರುತ್ತದೆ. ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಒರೆಸಬೇಕು. ಇದು ಕೆಂಪು ತುಕ್ಕನ್ನು ನಿಧಾನಗೊಳಿಸುತ್ತದೆ, ತಡೆಯುವುದಿಲ್ಲ.

ಮಾವಿನಕಾಯಿ, ನಿಂಬೆ, ಹುಣಸೆ ಕೊಯ್ದ ಮೇಲೆ ಅಲಗನ್ನು ತೊಳೆದು, ಮಡಚುವ ಮುನ್ನ ಹಿಡಿಯೊಳಗಿನ ಸಂದಿಯೂ ಒಣಗುವಂತೆ ತೆರೆದಿಡಬೇಕು. ಎಣ್ಣೆಯ ವಿಷಯದಲ್ಲಿ ನಮ್ಮ ಭಾಗದವರು ಒಂದನ್ನು ಗಮನಿಸಬೇಕು: ಮನೆಯಲ್ಲಿ ಸುಲಭವಾಗಿ ಸಿಗುವ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗುವ ಜಾತಿಯದು, ಚಿತ್ರಕಲೆಯ ಬಣ್ಣಗಳಲ್ಲಿ ಬಳಸುವುದೂ ಅದೇ ಗುಣಕ್ಕಾಗಿ. ಅದು ಅಲಗು ಮಡಚುವ ಕೀಲಿಗೆ ಬಿದ್ದರೆ ಧೂಳನ್ನು ಹಿಡಿದು ಅಲಗು ಬಿಗಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿಯನ್ನು ಕೀಲಿಗೆ ಬಿಟ್ಟು, ಬಟ್ಟೆಯಿಂದ ಅಲಗಿಗೆ ತೆಳುವಾಗಿ ಸವರಿದರೆ ಸಾಕು. ಮಳೆಗಾಲದಲ್ಲಿ ಚಾಕುವನ್ನು ತೊಗಲಿನ ಚೀಲದಲ್ಲಿ ತುಂಬಿ ಕಪಾಟಿಗೆ ಹಾಕಬೇಡಿರಿ. ತೊಗಲು ತೇವವನ್ನು ಹೀರಿ ಅಲಗಿಗೆ ಒತ್ತಿಕೊಂಡಿರುತ್ತದೆ.