ಷೇರು ಕಡಿಮೆ ಮಾಡಿದ ಮೇಲೇ ಸೋಲಾರ್ ಕೈಹಿಡಿಯಿತು

ನಮ್ಮದು ಬೆಳಗಾವಿಯಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿ. ಕಾಂಟ್ರಾಕ್ಟ್ ಡಿಮ್ಯಾಂಡ್, ಅಂದರೆ ಕರೆಂಟ್ ಕಂಪನಿ ಜೊತೆ ಒಪ್ಪಂದವಾದ ಲೋಡ್, ಒಂದು ಮೆಗಾವಾಟ್‌ಗಿಂತ ಸ್ವಲ್ಪ ಮೇಲೆ. ಗ್ರೂಪ್ ಕ್ಯಾಪ್ಟಿವ್ ಸೋಲಾರ್‌ಗೆ, ಅಂದರೆ ಹಲವರು ಷೇರು ಹಾಕಿ ಒಂದೇ ಪ್ಲಾಂಟಿನ ಕರೆಂಟು ಬಳಸುವ ಯೋಜನೆಗೆ, ಸೇರಿದಾಗ ಅಕ್ಕಪಕ್ಕದ ಶೆಡ್‌ನವರು "ದುಡ್ಡನ್ನ ಬಿಸಿಲಿಗೆ ಒಣಗಿಸ್ತಿದ್ದೀಯಾ" ಅಂತ ನಕ್ಕಿದ್ದರು. ಈಗ ಅವರೇ ಅಗ್ರಿಮೆಂಟ್ ಕಾಪಿ ಕೇಳಿಕೊಂಡು ಬರುತ್ತಾರೆ.

ಶುರುವಿನಲ್ಲೇ ಎಡವಿದ್ದೆ. ಪ್ಲಾಂಟು 15 ಮೆಗಾವಾಟ್, ವರ್ಷಕ್ಕೆ ಎರಡೂವರೆ ಕೋಟಿ ಯೂನಿಟ್ ಆಸುಪಾಸು. ಆಸೆಬಿದ್ದು 6% ಷೇರು ಹಿಡಿದೆ, ಒಂದು ಕೋಟಿಗೆ ಸ್ವಲ್ಪ ಜಾಸ್ತಿಯೇ ಬಿತ್ತು. ಕ್ಯಾಪ್ಟಿವ್ ಅನ್ನಿಸಿಕೊಳ್ಳಬೇಕಾದರೆ ಬಳಸುವವರೆಲ್ಲ ಸೇರಿ ಕನಿಷ್ಠ 26% ಷೇರು ಹಿಡಿದಿರಬೇಕು, ಪ್ಲಾಂಟಿನ ಕರೆಂಟಲ್ಲಿ ಕನಿಷ್ಠ 51% ಬಳಸಬೇಕು. "ಎಸ್‌ಪಿವಿ ಅಂತ ಈ ಪ್ಲಾಂಟಿಗೇ ಬೇರೆ ಕಂಪನಿ ಮಾಡಿದೀವಿ ಸಾರ್, ಷೇರಿಗೆ ತಕ್ಕಂತೆ ಒಬ್ಬೊಬ್ಬರೂ ಇಷ್ಟಿಷ್ಟು ಬಳಸಬೇಕು ಅನ್ನೋ ಲೆಕ್ಕ ಇದಕ್ಕೆ ಬರಲ್ಲ" ಅಂದ ಡೆವಲಪರ್ ಕಡೆಯವನು. ನಂಬಿದೆ.

2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಸ್‌ಪಿವಿಗೂ ಆ ಲೆಕ್ಕ ಬರುತ್ತದೆ ಅಂದುಬಿಟ್ಟಿತು. 51ನ್ನು 26ರಿಂದ ಭಾಗಿಸಿದರೆ, 1% ಷೇರಿಗೆ ಪ್ಲಾಂಟಿನ 1.96% ಕರೆಂಟು ಬಳಸಬೇಕು, ಅದರಲ್ಲಿ 10% ಹೆಚ್ಚುಕಡಿಮೆ ಆದರೆ ನಡೆಯುತ್ತದೆ. ಅಂದರೆ ನಾನು ಕನಿಷ್ಠ 26 ಲಕ್ಷ ಯೂನಿಟ್ ಸುಡಬೇಕು. ಆ ವರ್ಷ ಟ್ರ್ಯಾಕ್ಟರ್ ಪಾರ್ಟ್ಸ್ ಆರ್ಡರ್ ನೆಲ ಕಚ್ಚಿತ್ತು. ಡಿಸೆಂಬರ್‌ನಲ್ಲಿ ನೋಡಿದರೆ 24 ಲಕ್ಷ ಮುಟ್ಟುವುದೇ ಅನುಮಾನ. ಕ್ಯಾಪ್ಟಿವ್ ಪಟ್ಟ ಹೋದರೆ ಇಡೀ ವರ್ಷಕ್ಕೆ, ಹೊರಗಿನ ಕರೆಂಟು ಕೊಳ್ಳುವವರ ಮೇಲೆ ಬೀಳುವ ಹೆಚ್ಚುವರಿ ಶುಲ್ಕವಾದ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್. ನಿದ್ದೆ ಹಾರಿಹೋಯಿತು.

2% ಷೇರನ್ನು ಇನ್ನೊಂದು ಫೌಂಡ್ರಿಗೆ ದಾಟಿಸಿದೆ. ಯಾವ ವಾರ, ಯಾವ ರೇಟಿಗೆ ಅನ್ನುವುದು ನನ್ನ ಜೇಬಿನಲ್ಲೇ ಇರಲಿ. ವರ್ಷದ ನಡುವೆ ಷೇರು ಕೈಬದಲಾದರೆ ವರ್ಷದ ಸರಾಸರಿ ಷೇರು ಹಿಡಿಯುತ್ತಾರೆ, ಸುಡಬೇಕಾದ ಯೂನಿಟ್ಟೂ ಅದಕ್ಕೆ ತಕ್ಕಂತೆ ಇಳಿಯುತ್ತದೆ, ಅಷ್ಟು ಸುಳಿವು ಸಾಕಲ್ವಾ? ಮಾರ್ಚ್‌ನಲ್ಲಿ ಹಗಲುರಾತ್ರಿ ಕರಗಿಸಿ ಆ ಕನಿಷ್ಠ ಮಿತಿಯನ್ನು ಕೂದಲೆಳೆಯಲ್ಲಿ ದಾಟಿದೆ.

ನಡುವೆ ಇನ್ನೊಂದು ಹುಚ್ಚು. ಬ್ಯಾಂಕಿಂಗ್‌ನಲ್ಲಿ, ಅಂದರೆ ಹಗಲು ಮಿಕ್ಕ ಕರೆಂಟನ್ನು ಗ್ರಿಡ್‌ಗೆ ಬಿಟ್ಟು ಆಮೇಲೆ ವಾಪಸ್ ಪಡೆಯುವಾಗ, ಒಂದಿಷ್ಟು ಯೂನಿಟ್ ಕತ್ತರಿಸುತ್ತಾರಲ್ಲ, ಅದಕ್ಕೆ ರಾತ್ರಿಯ ಮೆಲ್ಟಿಂಗ್ ಅನ್ನು ಹಗಲಿಗೆ ತಂದೆ. ರಾತ್ರಿಯಿಡೀ ಫರ್ನೇಸ್ ತಣ್ಣಗಾಗಿ, ಎರಡೇ ವಾರಕ್ಕೆ ಅದರ ಒಳಗೋಡೆಯ ಲೈನಿಂಗ್ ಬಿರುಕು. ಲೈನಿಂಗ್ ಸೀಳಿ ಕರೆಂಟು ಸೋರುವುದನ್ನು ತೋರಿಸುವ ಲೀಕೇಜ್ ಮೀಟರ್‌ನ ಮುಳ್ಳು ಏರುತ್ತಿದ್ದುದನ್ನು ಮಿಸ್ತ್ರಿ ನೋಡಿ ಪವರ್ ಕಿತ್ತ, ಇಲ್ಲದಿದ್ದರೆ ಕರಗಿದ ಕಬ್ಬಿಣ ಸುತ್ತಲಿನ ಕರೆಂಟ್ ಕಾಯಿಲ್‌ಗೇ ಇಳಿಯುತ್ತಿತ್ತು. ಈಗ ಸಂಜೆ ಮುಚ್ಚಳ ಹಾಕುತ್ತೇವೆ, ಬೆಳಿಗ್ಗೆ ಮೊದಲ ಹೀಟ್, ಅಂದರೆ ದಿನದ ಮೊದಲ ಕರಗಿಸುವಿಕೆಯ ಬಿಸಿ, ನಿಧಾನಕ್ಕೆ ಏರಿಸುತ್ತೇವೆ. ಲೈನಿಂಗ್ ಮೊದಲಿನಷ್ಟೇ ಬಾಳುತ್ತಿದೆ.

4% ಷೇರಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಯೂನಿಟ್. ಎಲ್ಲ ಚಾರ್ಜ್ ಸೇರಿ ಯೂನಿಟ್ಟಿಗೆ ಐದು ರೂಪಾಯಿ ಆಸುಪಾಸು, ಗ್ರಿಡ್‌ನದು ಏಳರ ಮೇಲೆ. ಉಳಿಕೆ 40 ಲಕ್ಷ. ಷೇರಿನ ದುಡ್ಡು ಎರಡು ವರ್ಷದಲ್ಲಿ ವಾಪಸ್.

ನಕ್ಕವರಲ್ಲಿ ಒಬ್ಬರ ಲೋಡ್ 400 ಕಿಲೋವಾಟ್. ಹೊರಗಿನ ಪ್ಲಾಂಟಿನಿಂದ ಗ್ರಿಡ್ ಮೂಲಕ ಹಸಿರು ಕರೆಂಟು ತರಿಸಿಕೊಳ್ಳಲು ಬಿಡುವ 2022ರ ಗ್ರೀನ್ ಓಪನ್ ಆಕ್ಸೆಸ್ ರೂಲ್ಸ್ 100 ಕಿಲೋವಾಟ್‌ನವರಿಗೂ ಬಾಗಿಲು ತೆರೆದಿತ್ತು. ಇವರು ನೋಡೋಣ ನೋಡೋಣ ಅಂತ ಕೂತರು. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆ ರೂಲ್ಸನ್ನೇ ರದ್ದು ಮಾಡಿತು. ಮಾರನೇ ವಾರ ಫೈಲು ಹಿಡಿದು ನನ್ನ ಆಫೀಸಿಗೆ ಬಂದರು. ಚಹಾ ತರಿಸಿದೆ.