ಬಾದಾಮಿ ಇಲ್ಲದ ಕುಸ್ತಿ: ನನ್ನ ಅನುಭವ

ಕುಸ್ತಿಗೆ ಖರ್ಚಿಲ್ಲ, ಲಂಗೋಟಿ ಒಂದಿದ್ದರೆ ಸಾಕು ಅನ್ನುವವರು ಜಾಸ್ತಿ. ಲಂಗೋಟಿಗೆ ಖರ್ಚಿಲ್ಲ ನಿಜ, ಖರ್ಚೆಲ್ಲ ಹೊಟ್ಟೆಗೆ. ದಿನಕ್ಕೆ ಎರಡು ಲೀಟರ್ ಹಾಲು, ಹಿಡಿ ತುಂಬ ಬಾದಾಮಿ, ತುಪ್ಪ, ವಾರಕ್ಕೆರಡು ಸಲ ಮಟನ್, ಇಷ್ಟಿಲ್ಲದೆ ಪೈಲ್ವಾನ್ ಆಗಲ್ಲ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಹಾಲು, ಬಾದಾಮಿ, ತುಪ್ಪಕ್ಕೇ ತಿಂಗಳಿಗೆ ನಾಲ್ಕು ಸಾವಿರದ ಮೇಲೆ ಬೇಕು. ನಾನು ಗೂಡ್ಸ್ ಆಟೋ ಓಡಿಸುವವನು. ಡೀಸೆಲ್, ಸಾಲದ ಕಂತು ಕಳೆದರೆ ಕೈಗೆ ಉಳಿಯುತ್ತಿದ್ದದ್ದೇ ಎಂಟೊಂಬತ್ತು ಸಾವಿರ. ಜೊತೆಗೆ ವಯಸ್ಸು 25 ದಾಟಿತ್ತು. ಈಗೇನು ಕುಸ್ತಿ, ಸುಮ್ನೆ ದುಡಿ ಅಂದರು. ಇವತ್ತು ಸುತ್ತಮುತ್ತಲ ಜಾತ್ರೆಗಳಲ್ಲಿ ನನಗೆ ಜೋಡಿ (ಎದುರಾಳಿ) ಕಟ್ಟಲು ಕುಸ್ತಿ ನಡೆಸುವವರೇ ಫೋನ್ ಮಾಡುತ್ತಾರೆ. ಹೇಗೆ ಮಾಡಿದೆ ಅಂತ ಕೇಳುವವರೂ ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಪಾಂಡವಪುರದ ಹತ್ತಿರ. ಊರ ಗರಡಿ ಮನೆಯ ಚಾವಣಿ ಬಿದ್ದು ಯಾವ ಕಾಲವಾಯಿತೋ. ದಿನಾ ಸಾಮು ನಡೆಯುವ ಗರಡಿ ಬೇಕೆಂದರೆ ಮೈಸೂರಿಗೇ ಹೋಗಬೇಕು. ಅಲ್ಲಿ ಫೀಸು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಬೈಕಿನಲ್ಲಿ ಹೋಗಿಬರಲು ಪೆಟ್ರೋಲ್‌ಗೇ ನೂರು ರೂಪಾಯಿ ಹತ್ತಿರ ಆಗುತ್ತಿತ್ತು. ಎರಡು ತಿಂಗಳಿಗೇ ಸಾಕಾಯಿತು. ಚಿಕ್ಕಪ್ಪನ ಹಿತ್ತಲಲ್ಲಿ ನಾನೇ ಅಖಾಡ ಮಾಡಿಕೊಳ್ಳೋಣ ಅಂತ ಹೊರಟೆ.

ಹತ್ತಡಿ ಉದ್ದ, ಹತ್ತಡಿ ಅಗಲ, ಮೊಣಕಾಲುದ್ದಕ್ಕಿಂತ ಸ್ವಲ್ಪ ಕಡಿಮೆ ಆಳ. ಗುಂಡಿ ತೋಡುವುದು ಕಷ್ಟವಲ್ಲ, ಮಣ್ಣೇ ಕಷ್ಟ. ಮೊದಲು ಕೆರೆ ಗೋಡು ತುಂಬಿಸಿದೆ. ಗೋಡು ಪುಕ್ಕಟೆ, ಟ್ರ್ಯಾಕ್ಟರ್ ಬಾಡಿಗೆ ಮಾತ್ರ ಐನೂರೋ ಆರುನೂರೋ. ಒದ್ದೆ ಆದರೆ ಮೈಗೆ ಮೆತ್ತಿಕೊಂಡು ಕಾಲೇ ಏಳದು, ಒಣಗಿದರೆ ಹೆಂಟೆ ಹೆಂಟೆ. ಸಡಿಲ ಆಗಲಿ ಅಂತ ಮರಳು ಬೆರೆಸಿದೆ. ಮೊಣಕೈ, ಮೊಣಕಾಲಿನ ಚರ್ಮ ಕಿತ್ತುಬಂತು. ಅಷ್ಟನ್ನೂ ತೆಗೆದು ಹೊರಗೆ ಹಾಕಲು ಒಂದು ವಾರ ಹಿಡಿಯಿತು. ಕೊನೆಗೆ ಎರಡು ಲೋಡು ಕೆಂಪು ಮಣ್ಣು ಹೊಡೆಸಿದೆ, ಸುಮಾರು ಮೂರು ಸಾವಿರ. ಗಾರೆ ಕೆಲಸದವರ ಜರಡಿ ತಂದು ಪೂರ್ತಿ ಜರಡಿ ಹಿಡಿದೆ. ಇದನ್ನು ಮಾತ್ರ ಬೇಗ ಮುಗಿಸಲು ಹೋಗಬೇಡಿ, ಒಂದು ಕಲ್ಲು ಚೂರು ಉಳಿದರೂ ಬೆನ್ನಿಗೆ ಗೊತ್ತಾಗುತ್ತದೆ.

ಮಟ್ಟಿಗೆ, ಅಂದರೆ ಅಖಾಡದ ಮಣ್ಣಿಗೆ, ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆಹಣ್ಣು ಹಾಕುವುದು ವಾಡಿಕೆ. ಅಂಗಡಿಯ ಅರಿಶಿನದ ಪುಡಿ ಕೊಂಡರೆ ಕೈ ಸುಡುತ್ತದೆ. ನಾನು ಸಂತೆಯಲ್ಲಿ ಮುರುಕಲು ಕೊಂಬು ಕಡಿಮೆ ಬೆಲೆಗೆ ತಂದು ಮಿಲ್ಲಿನಲ್ಲಿ ಬೀಸಿಸಿದೆ. ಒಳ್ಳೆಣ್ಣೆ ಬದಲು ಮುಕ್ಕಾಲು ಪಾಲು ಬೇವಿನೆಣ್ಣೆ. ವಾಸನೆ ಜೋರು, ಆದರೆ ಮೈಗೆ ಕಜ್ಜಿ ಏಳಲಿಲ್ಲ. ಮೊದಲ ಸಲ ಮಜ್ಜಿಗೆ ಜಾಸ್ತಿ ಸುರಿದಾಗ ಹುಳಿ ನಾತ ಬಂದು ಇರುವೆ ಮುತ್ತಿಕೊಂಡವು. ಈಗ ನನ್ನ ಅಖಾಡದ ಮಣ್ಣಿಗೆ ಇರುವೆ ಬರುವುದಿಲ್ಲ. ಏನು ಹಾಕುತ್ತೇನೆ, ಎಷ್ಟು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಹಿತ್ತಲಿಗೆ ಬಂದು ಎರಡು ವಾರ ಮಣ್ಣು ಅಗೆದವರಿಗೆ ಹೇಳಿಕೊಡುತ್ತೇನೆ. ಮೇಲೆ ಚಾವಣಿಗೆ ಹಬ್ಬ, ಚುನಾವಣೆ ಮುಗಿದ ಮೇಲೆ ಕಿತ್ತುಹಾಕುವ ಫ್ಲೆಕ್ಸ್‌ಗಳು. ಬರೀ ಫ್ಲೆಕ್ಸ್ ಕಟ್ಟಿದರೆ ನೀರು ನಿಂತು ಹರಿದುಹೋಗುತ್ತದೆ. ಬಿದಿರು ಕೊಟ್ಟು ಇಳಿಜಾರು ಮಾಡಿ ಮೇಲೆ ತೆಂಗಿನ ಗರಿ ಹೊದಿಸಿದ ಮೇಲೆ ಎರಡು ಮಳೆಗಾಲ ತಡೆಯಿತು.

ಅಖಾಡ ಆಯಿತು, ಜೋಡಿ ಇಲ್ಲ. ಗೊಂಬೆ ಮಾಡಿದೆ. ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿದ್ದು ತೀರಾ ಹಗುರ. ಕೆಳಗೆ ಮರಳು ಸೇರಿಸಿದರೆ ನಾಲ್ಕನೇ ಎಸೆತಕ್ಕೇ ಹೊಲಿಗೆ ಬಿಟ್ಟಿತು. ಆಮೇಲೆ ಒಳಗೆ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಮರಳು, ಸುತ್ತ ಹಳೇ ಬಟ್ಟೆ, ಹೊರಗೆ ಲಾರಿ ಟಾರ್ಪಾಲ್. ಚಪ್ಪಲಿ ಹೊಲಿಯುವವರು ದಪ್ಪ ನೈಲಾನ್ ದಾರದಲ್ಲಿ ಹೊಲಿದುಕೊಟ್ಟು 150 ರೂಪಾಯಿ ತಗೊಂಡರು. ತೂಕ 40 ಕೆಜಿ ಆಸುಪಾಸು. ಧೋಬಿ, ಅಂದರೆ ಎದುರಿನವನ ಕೈ ಹಿಡಿದು ಬೆನ್ನ ಮೇಲಿಂದ ಎತ್ತಿ ಎಸೆಯುವ ಪಟ್ಟು, ಹಾಕುವುದನ್ನು ನಾನು ಕಲಿತದ್ದೇ ಅದರ ಮೇಲೆ. ಮೊಬೈಲಿನಲ್ಲಿ ವಿಡಿಯೋ ನಿಧಾನಕ್ಕೆ ಓಡಿಸುವುದು, ಎದ್ದು ಎಸೆಯುವುದು, ಮತ್ತೆ ನೋಡುವುದು.

ನಮ್ಮೂರಲ್ಲಿ ಹಳೇ ಪೈಲ್ವಾನ್ ಒಬ್ಬರಿದ್ದಾರೆ, ಎಪ್ಪತ್ತು ದಾಟಿದೆ. ಒಂದು ದಿನ ಬೇಲಿ ಆಚೆ ನಿಂತು ನೋಡಿ, "ಮೊಬೈಲ್ ನೋಡ್ಕಂಡು ಕುಸ್ತಿ ಕಲ್ತವ್ನು ಯಾವನವ್ನೆ ಮಗ?" ಅಂದರು. "ಬಂದು ನೀವೇ ಹೇಳ್ಕೊಡಿ ತಾತ" ಅಂದೆ. ಒಳಗೆ ಬಂದು ಕಲ್ಲಿನ ಮೇಲೆ ಕೂತರು. ಆವತ್ತೇ ಅವರು ಹೇಳಿದ್ದು: ಗೊಂಬೆ ಎಸೆಯುವುದನ್ನು ಕಲಿಸುತ್ತದೆ, ಒಳಗೆ ನುಗ್ಗುವುದನ್ನು ಕಲಿಸುವುದಿಲ್ಲ, ಯಾಕೆಂದರೆ ಅದು ನಿನ್ನನ್ನು ತಳ್ಳುವುದಿಲ್ಲ. ನಿಕಾಲ್ ಅನ್ನುವ ಪಟ್ಟು ಹೊಡೆಯಬೇಕಾದರೆ ಎದುರಿನವನ ಭಾರ ನಿನ್ನ ಮೇಲೆ ಬರಬೇಕು, ಬಂದ ಕ್ಷಣಕ್ಕೇ ಅವನ ತೋಳಿನ ಕೆಳಗೆ ನುಸುಳಬೇಕು. ಮಂಡಿ ಹೋಗಿದ್ದರೂ ಕೂತಲ್ಲಿಂದಲೇ ನನ್ನ ಪಾದ ಎಲ್ಲಿ ಬೀಳುತ್ತಿದೆ ಅಂತ ನೋಡುತ್ತಿದ್ದರು. ದುಡ್ಡು ಕೇಳಲಿಲ್ಲ. ಅವರ ಕಬ್ಬು, ಭತ್ತ, ಹುಲ್ಲು ಎಲ್ಲ ನನ್ನ ಆಟೋದಲ್ಲೇ ಸಾಗಿಸಿಕೊಟ್ಟೆ. ಅವರಿಂದ ಪಡೆದದ್ದಕ್ಕೆ ಅದು ಏನೇನೂ ಅಲ್ಲ.

ಜೋಡಿಗೆ ಊರ ಕಬಡ್ಡಿ ಹುಡುಗರನ್ನು ಹಿಡಿದೆ. ವಾರದಲ್ಲಿ ಎರಡು ದಿನ ನಾನು ಅವರ ಜೊತೆ ಕಬಡ್ಡಿ, ಎರಡು ದಿನ ಅವರು ನನ್ನ ಜೊತೆ ಮಟ್ಟಿಯಲ್ಲಿ. ಅವರು ಹಿಮ್ಮಡಿ ಗಂಟು ಹಿಡಿಯುವ ರೀತಿ ಕುಸ್ತಿಯವರಿಗೆ ಅಷ್ಟು ಅಭ್ಯಾಸ ಇರುವುದಿಲ್ಲ. ಅದನ್ನು ನಿಕಾಲ್‌ಗೆ ಜೋಡಿಸಿ ಒಂದು ವರಸೆ ಮಾಡಿಕೊಂಡಿದ್ದೇನೆ. ಇನ್ನೂ ಜಾತ್ರೆಗಳಲ್ಲಿ ನಡೆಯುತ್ತಿದೆ, ಹಾಗಾಗಿ ವಿವರ ಬೇಡ.

ಇನ್ನು ಊಟ. ಜನ ನಂಬದಿದ್ದದ್ದು ಇದನ್ನೇ. ಆಗ ಬಾದಾಮಿ ಕೆಜಿಗೆ ಎಂಟುನೂರು ಇತ್ತು, ಕಡಲೆಬೀಜ ನೂರೈವತ್ತರ ಒಳಗಿತ್ತು. ನೂರು ಗ್ರಾಂ ಬಾದಾಮಿಯಲ್ಲಿ ಪ್ರೋಟೀನ್ ಸುಮಾರು 20 ಗ್ರಾಂ, ಅಷ್ಟೇ ಕಡಲೆಬೀಜದಲ್ಲಿ 25. ಹುರುಳಿಯಲ್ಲೂ 20ಕ್ಕೆ ಮೇಲಿದೆ. ಅಂಗಡಿಯಲ್ಲಿ ಮೀಲ್ ಮೇಕರ್ ಅಂತ ಸಿಗುವ ಸೋಯಾದಲ್ಲಿ 50ರ ಹತ್ತಿರ. ನನ್ನ ದಿನ ಹೀಗೆ: ಬೆಳಿಗ್ಗೆ ಸಾಮು ಆದಮೇಲೆ ರಾತ್ರಿ ನೆನೆಸಿದ ಕಡಲೆಬೀಜ ಒಂದು ದೊಡ್ಡ ಹಿಡಿ, ಸ್ವಲ್ಪ ಗಸಗಸೆ, ಬೆಲ್ಲ ಹಾಕಿ ರುಬ್ಬಿ ಕುಡಿಯುವುದು. ಬೆಲ್ಲ ಆಲೆಮನೆಯದು, ಬಾಡಿಗೆಗೆ ಹೋದಾಗ ಹಾಗೇ ಕೊಡುತ್ತಾರೆ. ಮಧ್ಯಾಹ್ನ ಎರಡು ಮುದ್ದೆ, ಮೊಳಕೆ ಹುರುಳಿ ಸಾರು. ಸಂಜೆ ನಾಲ್ಕು ಮೊಟ್ಟೆ. ರಾತ್ರಿ ಅನ್ನ, ಸೋಯಾ ಹಾಕಿದ ಸಾರು, ಮಜ್ಜಿಗೆ. ಹಾಲು ಅರ್ಧ ಲೀಟರ್, ಅಷ್ಟೇ. ತಿಂಗಳಿಗೆ ಮನೆಯ ಊಟದ ಮೇಲೆ ಹೆಚ್ಚಿಗೆ ಬಿದ್ದದ್ದು ಸಾವಿರದ ಐನೂರು, ಸಾವಿರದ ಎಂಟುನೂರು. ಶುರುವಿನಲ್ಲಿ ಹಸಿ ಕಡಲೆಬೀಜ ನೆನೆಸದೆ ತಿಂದು ಹೊಟ್ಟೆ ಕೆಟ್ಟು ಒಂದು ವಾರ ಮಟ್ಟಿಗೇ ಇಳಿಯಲಾಗಲಿಲ್ಲ. ನೆನೆಸಿ ರುಬ್ಬಿದ ಮೇಲೆ ತೊಂದರೆ ಇಲ್ಲ. ವರ್ಷದಲ್ಲಿ 61 ಕೆಜಿಯಿಂದ 69ಕ್ಕೆ ಬಂದೆ, ಹೊಟ್ಟೆ ಬರಲಿಲ್ಲ.

ಮೊದಲ ಜಾತ್ರೆ ಕುಸ್ತಿಯಲ್ಲಿ ಐದು ನಿಮಿಷ ಆಗುವಷ್ಟರಲ್ಲಿ ಉಸಿರು ಹೋಗಿ ಚಿತ್ ಆದೆ. ಸಾವಿರ ದಂಡ, ಸಾವಿರ ಬಸ್ಕಿ ಹೊಡಿ ಅಂತ ಎಲ್ಲರೂ ಹೇಳಿದರು. ಆಟೋ ಓಡಿಸಿ ಬಂದವನಿಗೆ ಅಷ್ಟು ಹೊತ್ತೆಲ್ಲಿದೆ? ನಾನು ಶಾಲೆ ಮೈದಾನದಲ್ಲಿ ಆಟೋ ನ್ಯೂಟ್ರಲ್‌ಗೆ ಹಾಕಿ ಒಬ್ಬ ಹುಡುಗನನ್ನು ಸ್ಟೇರಿಂಗ್‌ಗೆ ಕೂರಿಸಿ ತಳ್ಳಲು ಶುರು ಮಾಡಿದೆ. ಒಂದು ನಿಮಿಷ ತಳ್ಳುವುದು, ಒಂದು ನಿಮಿಷ ನಡೆಯುವುದು, ಇಪ್ಪತ್ತು ನಿಮಿಷ. ಮೂರು ತಿಂಗಳಿಗೆ ಹದಿನೈದು ನಿಮಿಷದ ಕುಸ್ತಿಗೆ ಉಸಿರು ಸಿಕ್ಕಿತು. ಸಾಮಿಗೆ ಸಿಮೆಂಟಿನ ಗದೆಯನ್ನೂ ಮಾಡಿದೆ. ಬಿದಿರಿಗೆ ಹಾಕಿದ ಗುಂಡು ಬಿರುಕುಬಿಟ್ಟು ಹಾರಿಹೋಯಿತು. ಜಿಐ ಪೈಪಿಗೆ ಅಡ್ಡ ಬೋಲ್ಟ್ ಹಾಕಿ ಮತ್ತೆ ಎರಕ ಹೊಯ್ದ ಮೇಲೆ ನಿಂತಿದೆ.

ಮಣ್ಣಿನ ಬದಲು ಮ್ಯಾಟ್ (ಮೆತ್ತನೆ ಹಾಸು) ಮೇಲೂ ಕೆಲವು ತಿಂಗಳು ಕುಸ್ತಿ ಆಡಿ ನೋಡಿದೆ. ಮಟ್ಟಿಯಲ್ಲಿ ಕಲಿತವನಿಗೆ ಮ್ಯಾಟ್‌ನ ವೇಗವೇ ಬೇರೆ. ಮಹಾರಾಷ್ಟ್ರದ ಕರಾಡ್ ಕಡೆಯ ಮಣ್ಣಿನ ಅಖಾಡದಲ್ಲಿ ಬೆಳೆದ ಖಾಶಾಬಾ ಜಾಧವ್ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು, ಮ್ಯಾಟ್ ಅವರಿಗೆ ಹೊಸದು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಊರವರೆಲ್ಲ ದುಡ್ಡು ಕೂಡಿಸಿಕೊಟ್ಟರು, ಅಲ್ಲಿ ಕಂಚು ಗೆದ್ದರು. ದುಡ್ಡಿಲ್ಲ ಅಂತ ಯಾರಾದರೂ ಕೈಚೆಲ್ಲಿ ಕೂತಾಗ ನಾನು ಅವರ ಹೆಸರು ಹೇಳುತ್ತೇನೆ. ನನಗೆ ಮಾತ್ರ ನಾಡಕುಸ್ತಿಯೇ ಸಾಕು.

ಅಖಾಡಕ್ಕೆ, ಗೊಂಬೆಗೆ, ಗದೆಗೆ ಎಲ್ಲ ಸೇರಿ ಆರು ಸಾವಿರದ ಆಚೀಚೆ ಆಗಿರಬೇಕು. ಮೊದಲ ಗೆಲುವಿಗೆ ಐನೂರು ರೂಪಾಯಿ ಸಿಕ್ಕಿತು. ಕಳೆದ ವರ್ಷ ದೊಡ್ಡ ಕುಸ್ತಿಯೊಂದರಲ್ಲಿ ಹಾಲು ಬಾದಾಮಿಯಲ್ಲೇ ಬೆಳೆದ, ನನಗಿಂತ ಐದಾರು ಕೆಜಿ ಜಾಸ್ತಿ ಇದ್ದ ಹುಡುಗನನ್ನು ಧೋಬಿ ಹಾಕಿ ಚಿತ್ ಮಾಡಿ ಮೂರು ಸಾವಿರ ತಂದೆ. ಹಾಕಿದ ದುಡ್ಡು ಯಾವಾಗಲೋ ವಾಪಸ್ ಬಂದಿದೆ. ಈಗ ಬೆಳಿಗ್ಗೆ ಐದೂವರೆಗೆ ಏಳೆಂಟು ಹುಡುಗರು ಹಿತ್ತಲಿಗೆ ಬರುತ್ತಾರೆ. ಫೀಸಿಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರೂ ಎರಡು ಬಕೆಟ್ ಜರಡಿ ಹಿಡಿದ ಮಣ್ಣು ತರಬೇಕು, ತಾತನ ಮನೆಗೆ ಅರ್ಧ ಲೀಟರ್ ಹಾಲು ಸರದಿ ಮೇಲೆ ಕೊಡಬೇಕು. ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರು ಯಾರಾದರೂ ಇದ್ದರೆ ಬನ್ನಿ. 65ರಿಂದ 75 ಕೆಜಿ ಒಳಗಿನವರು ಜೋಡಿಗೆ ನನಗೇ ಬೇಕಾಗಿದ್ದಾರೆ.